ಹೈಸ್ಕೂಲ್ ಫುಟ್‌ಬಾಲ್‌ನಲ್ಲಿ ಜಗಳ ನಿಲ್ಲಿಸಿದ್ದು ಹೇಗೆ: ಕಾರವಾರದಿಂದ ನನ್ನ ಅನುಭವ

"ಫುಟ್‌ಬಾಲ್ ಅಂದ ಮೇಲೆ ಹೊಡೆದಾಟ ಇರೋದೇ ಮಾಸ್ತರೇ. ನೀವೇನು ಮೈದಾನದಲ್ಲಿ ಭಜನೆ ಮಾಡಿಸ್ತೀರಾ?" ಅಂತ ನಕ್ಕವರು ಈಗ ನಮ್ಮ ನಿಯಮದ ಹಾಳೆ ಜೆರಾಕ್ಸ್ ಮಾಡಿಕೊಡಿ ಅಂತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು, ಅದಕ್ಕೆ ಒಮ್ಮೆ ಬರೆದು ಮುಗಿಸುತ್ತಿದ್ದೇನೆ. ಓದುವವರು ಹೆಚ್ಚಿನವರು ದೈಹಿಕ ಶಿಕ್ಷಕರೇ ಇರುತ್ತೀರಿ. ಮೈದಾನದ ಅಳತೆ, ಆಫ್‌ಸೈಡ್ ಎಲ್ಲ ಇಲ್ಲಿ ಹೇಳೋದಿಲ್ಲ.

ಇಲಾಖೆಯ ವಲಯ ಮಟ್ಟ, ತಾಲೂಕು ಮಟ್ಟದ ಪಂದ್ಯಗಳಲ್ಲಿ ಪ್ರಯೋಗಕ್ಕೆ ಜಾಗ ಇಲ್ಲ. ಒಮ್ಮೆ ಸೋತರೆ ಗಂಟುಮೂಟೆ ಕಟ್ಟಬೇಕು. ಹಾಗಾಗಿ ನಾನು ಸುತ್ತಲಿನ ಆರೇಳು ಶಾಲೆಗಳನ್ನು ಸೇರಿಸಿ ಶನಿವಾರ ಮಧ್ಯಾಹ್ನದ ಲೀಗ್ ಶುರು ಮಾಡಿದೆ. ಕೋಡಿಬಾಗ, ಸದಾಶಿವಗಡ, ಬಿಣಗಾ ಕಡೆಯ ಹುಡುಗರು. ಇಪ್ಪತ್ತೈದು ಇಪ್ಪತ್ತೈದು ನಿಮಿಷದ ಎರಡು ಅವಧಿ. ನಮ್ಮ ಕಡೆಯ ಫುಟ್‌ಬಾಲ್ ಹುಚ್ಚಿನ ಬಗ್ಗೆ ಹೇಳಬೇಕಾಗಿಲ್ಲ, ಮಾಜಾಳಿ ದಾಟಿದರೆ ಗೋವಾ. ಒಂದು ಕಾಲಕ್ಕೆ ಗೋವಾದಲ್ಲಿ ಆಡಿದ, ಅಥವಾ ಆಡಿದ್ದೆ ಅಂತ ಹೇಳಿಕೊಳ್ಳುವ ಒಬ್ಬ ಮಾಮ ಪ್ರತಿ ಕೇರಿಯಲ್ಲೂ ಸಿಗುತ್ತಾನೆ. ಆಟ ಹುಡುಗರದ್ದು, ಜಗಳ ಮಾಮಂದಿರದ್ದು.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆ. ಹುಡುಗರನ್ನು ಸಾಲಾಗಿ ನಿಲ್ಲಿಸಿ, ಕೈ ಮುಂದೆ ಮಾಡಿಸಿ, ಪ್ರತಿಜ್ಞೆ ಹೇಳಿಸಿದೆ. ಪ್ರತಿಜ್ಞೆ ಮುಗಿದು ಹತ್ತು ನಿಮಿಷಕ್ಕೆ ಅಂಗಿಯ ಗುಂಡಿ ಹಾರಿತ್ತು. ಆಮೇಲೆ ಪ್ರತಿ ಶಾಲೆಯಿಂದ ಐನೂರು ರೂಪಾಯಿ ಡೆಪಾಸಿಟ್ ಇಡಿಸಿದೆ. ಗಲಾಟೆ ಮಾಡದಿದ್ದರೆ ವಾಪಸ್. ಅದು ಇನ್ನೂ ಕೆಟ್ಟದಾಯಿತು. ಒಬ್ಬ ಹೆಡ್‌ಮಾಸ್ತರು "ಈ ದುಡ್ಡು ಯಾವ ಖಾತೆಯಲ್ಲಿ ತೋರಿಸಲಿ?" ಅಂದರು. ಇನ್ನೊಂದು ಶಾಲೆಯವರು "ಐನೂರು ಹೋಯಿತಲ್ಲ, ಇನ್ನು ಏನಾದರೂ ಆಗಲಿ" ಅಂತ ಧೈರ್ಯವಾಗಿ ಹೊಡೆದಾಡಿದರು. ದಂಡ ಕೊಟ್ಟವನಿಗೆ ಹೊಡೆಯಲು ಹಕ್ಕು ಬಂತು ಅಷ್ಟೇ.

ಆಗ ಒಂದು ನೋಟ್‌ಬುಕ್ ಇಟ್ಟೆ. ಜಗಳ ಯಾವಾಗ ಹುಟ್ಟಿತು, ಯಾತಕ್ಕೆ ಹುಟ್ಟಿತು, ಅಷ್ಟು ಮಾತ್ರ ಬರೆಯುವುದು. ಮಳೆಗಾಲ ಮುಗಿಯುವಷ್ಟರಲ್ಲಿ ನನಗೆ ತಿಳಿದ ವಿಷಯ ಇದು: ಹೆಚ್ಚುಕಡಿಮೆ ಅರ್ಧ ಜಗಳಕ್ಕೆ ಹುಡುಗರ ಗುಣ ಕಾರಣ ಅಲ್ಲ, ಸಾಮಾನು ಕಾರಣ.

ಗೋಲ್ ಕಂಬಕ್ಕೆ ಬಲೆ ಇರಲಿಲ್ಲ. ಚೆಂಡು ಕಂಬದ ಪಕ್ಕ ಹೋಯಿತು ಅಂದರೆ ಒಬ್ಬರು ಒಳಗೆ ಅನ್ನೋರು, ಒಬ್ಬರು ಹೊರಗೆ ಅನ್ನೋರು. ನಿಜ ಹೇಳಬೇಕು ಅಂದರೆ ರೆಫ್ರಿಗೂ ಗೊತ್ತಾಗುತ್ತಿರಲಿಲ್ಲ. ಅಂಗಡಿಯಲ್ಲಿ ಒಂದು ಜೊತೆ ಬಲೆಗೆ ಮೂರು ನಾಲ್ಕು ಸಾವಿರ ಹೇಳಿದರು. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ನಿಷೇಧ, ಬೈತಖೋಲ್ ಬಂದರಿನಲ್ಲಿ ಬಲೆ ರಿಪೇರಿ ಮಾಡುತ್ತ ಕೂತಿರುತ್ತಾರೆ. ಒಬ್ಬ ವಿದ್ಯಾರ್ಥಿಯ ತಂದೆಯನ್ನು ಹಿಡಿದೆ. ಹರಿದ ಟ್ರಾಲ್ ಬಲೆ ಪುಕ್ಕಟೆ ಸಿಕ್ಕಿತು. ನೈಲಾನ್ ದಾರ, ಹೊಲಿದು ಕೊಟ್ಟವರಿಗೆ ಚಹಾ, ವಡಾ ಪಾವ್ ಎಲ್ಲ ಸೇರಿ ನಾನ್ನೂರರ ಒಳಗೆ. ನೀವು ಕೇಳುವುದಾದರೆ ಬಲೆಯ ಚೀಲದ ಭಾಗ, ಅಂದರೆ ಮೀನು ಸೇರುವ ಹಿಂತುದಿ ಬೇಡ, ಎರಡು ಬದಿಯ ರೆಕ್ಕೆಯ ಭಾಗ ಕೇಳಿ. ಚೀಲದ ಕಣ್ಣು ಸಣ್ಣದು, ಮಳೆ ನೀರು ಹಿಡಿದು ಭಾರವಾಗಿ ನಮ್ಮ ಅಡ್ಡ ಕಂಬವನ್ನೇ ಬಗ್ಗಿಸಿತ್ತು. ಮೊದಲ ವಾರ ಒಣಮೀನಿನ ವಾಸನೆಗೆ ಕಾಗೆ ಬಂದು ಕೂರುತ್ತಿದ್ದವು, ಗೋಲಿ (ಗೋಲ್‌ಕೀಪರ್) ಮೂಗು ಮುಚ್ಚಿಕೊಂಡೇ ನಿಂತಿದ್ದ. ಎರಡು ಮಳೆ ಬಿದ್ದ ಮೇಲೆ ವಾಸನೆ ಹೋಯಿತು. ಗೋಲ್ ಹೌದೋ ಅಲ್ಲವೋ ಅನ್ನುವ ಜಗಳ ಅಲ್ಲಿಗೇ ನಿಂತಿತು.

ಎರಡನೆಯದು ಸೀಟಿ. ನಗಬೇಡಿ. ಒಳಗೆ ಸಣ್ಣ ಗುಂಡು ಇರುವ ಐವತ್ತು ರೂಪಾಯಿ ಸೀಟಿ ಮಳೆಯಲ್ಲಿ ನೀರು ಕುಡಿದು ಬಾಯಿ ಕಟ್ಟುತ್ತದೆ. ರೆಫ್ರಿ ಊದುತ್ತಾನೆ, ಹುಡುಗನಿಗೆ ಕೇಳಿಸಿಲ್ಲ, ಆಡುತ್ತಲೇ ಹೋಗುತ್ತಾನೆ. ಫೌಲ್ ಸಿಕ್ಕಿತು ಅಂತ ನಿಂತವನ ಕಾಲಿಗೆ ಒದೆ ಬೀಳುತ್ತದೆ. ಒದೆ ತಿಂದವನು ಸುಮ್ನೆ ಇರ್ತಾನಾ? ಗುಂಡು ಇಲ್ಲದ ಸೀಟಿ ತಂದೆ, ಫಾಕ್ಸ್ 40 ಥರದ್ದು. ಮುನ್ನೂರು ಚಿಲ್ಲರೆ ಆಯಿತು. ನನ್ನ ಖರ್ಚಿನಲ್ಲಿ ಇಷ್ಟು ಚೆನ್ನಾಗಿ ದುಡಿದ ಸಾಮಾನು ಮತ್ತೊಂದಿಲ್ಲ.

ಸುಣ್ಣದ ಗೆರೆಯದ್ದೂ ಅದೇ ಕಥೆ. ಒಂದು ಜಡಿಮಳೆಗೆ ಗೆರೆ ಹೋಯಿತು, ಜಗಳ ಬಂತು. ಈಗ ಸುಣ್ಣಕ್ಕೆ ಒಂದು ವಸ್ತು ಬೆರೆಸುತ್ತೇನೆ, ಪಂದ್ಯ ಮುಗಿಯುವ ತನಕ ಗೆರೆ ಕಾಣುತ್ತದೆ. ಅದು ಏನು ಅಂತ ನಮ್ಮ ಶಾಲೆಯ ಜವಾನನಿಗೂ ಹೇಳಿಲ್ಲ. ಇಲ್ಲಿಯೂ ಹೇಳೋದಿಲ್ಲ.

ಉಳಿದ ಅರ್ಧಕ್ಕೆ ಬರುತ್ತೇನೆ, ಅದು ಹುಡುಗರ ಬಾಯಿಯದ್ದು. ರೆಫ್ರಿ ಜೊತೆ ನಾಯಕ ಮಾತ್ರ ಮಾತಾಡಬೇಕು ಅಂತ ಮಾಡಿದೆ. 2024ರ ಯುರೋ ಕಪ್‌ನಲ್ಲಿ ಇದನ್ನೇ ಮಾಡಿದಾಗ ನಮ್ಮ ಸಹೋದ್ಯೋಗಿಗಳು "ಅರೆ, ಇದು ನಿಮ್ಮದೇ ಅಲ್ವಾ!" ಅಂದರು. ಹೌದು, ನಮ್ಮದು ಅದಕ್ಕಿಂತ ಹಳೆಯದು! ಆದರೆ ಶುರುವಿನಲ್ಲಿ ಒಂದು ತೊಡಕು ಬಂತು. ಎರಡು ಶಾಲೆಯಲ್ಲಿ ಗೋಲಿಯೇ ನಾಯಕ. ಆಚೆ ತುದಿಯಲ್ಲಿ ಫೌಲ್ ಆದರೆ ಅವನು ಇಡೀ ಮೈದಾನ ಓಡಿ ಬರುವ ತನಕ ಹತ್ತು ಜನ ರೆಫ್ರಿಯನ್ನು ಸುತ್ತಿಕೊಂಡಿರುತ್ತಿದ್ದರು. ಹಾಗಾಗಿ ಗೋಲಿ ನಾಯಕನಾದರೆ ಮಾತಿಗೆ ಮಾತ್ರ ಇನ್ನೊಬ್ಬನನ್ನು ಹೆಸರಿಸಬೇಕು ಅಂದೆ. ಈಗಿನ ಅಂತರರಾಷ್ಟ್ರೀಯ ಸೂಚನೆಯಲ್ಲೂ ಅದೇ ಇದೆ. ಹುಡುಗಿಯರ ತಂಡದವರು ಈ ನಿಯಮವನ್ನು ಮೊದಲ ದಿನವೇ ಹಿಡಿದರು, ಹುಡುಗರಿಗೆ ಒಂದು ತಿಂಗಳು ಬೇಕಾಯಿತು.

ಎದುರು ಮಾತಾಡಿದವನಿಗೆ ಹಳದಿ ಕಾರ್ಡ್ ತೋರಿಸಿದರೆ ನಮ್ಮ ಹುಡುಗರಿಗೆ ಅದು ಬಹುಮಾನ ಇದ್ದ ಹಾಗೆ. ಮರುದಿನ ಕ್ಲಾಸಿನಲ್ಲಿ ಹೇಳಿಕೊಂಡು ತಿರುಗುತ್ತಾರೆ. ಅದಕ್ಕೆ ತಾತ್ಕಾಲಿಕವಾಗಿ ಹೊರಗೆ ಕೂರಿಸುವುದನ್ನು ತಂದೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಶಾಲೆ, ಕೆಳಹಂತದ ಪಂದ್ಯಗಳಿಗೆ ಫುಟ್‌ಬಾಲ್ ನಿಯಮ ಮಂಡಳಿ 2017ರಿಂದ ಇದಕ್ಕೆ ಅವಕಾಶ ಕೊಟ್ಟಿದೆ. ಒಟ್ಟು ಆಟದ ಸಮಯದಲ್ಲಿ ನೂರಕ್ಕೆ 10ರಿಂದ 15 ಭಾಗ ಕೂರಿಸಬಹುದು. ನಮ್ಮ ಐವತ್ತು ನಿಮಿಷಕ್ಕೆ ಐದು ಸಾಕು ಅಂದುಕೊಂಡೆ, ಆರಕ್ಕೆ ನಿಂತಿತು. ಸುಮ್ನೆ ಕೂರಿಸಿದರೆ ಅವನು ಗೆರೆ ಪಕ್ಕದಿಂದಲೇ ಬೈಯುತ್ತಾನೆ. ಅದಕ್ಕೆ ನನ್ನದೇ ಒಂದು ಸೇರಿಸಿದೆ. ಸ್ಕೋರರ್ ಪಕ್ಕ ಬಂದರಿನ ನೀಲಿ ಮೀನಿನ ಕ್ರೇಟ್ ಬೋರಲು ಹಾಕಿದ್ದೇನೆ. ಹೊರಗೆ ಬಂದವನು ಅದರ ಮೇಲೆ ಕೂತು ಫೌಲಿನ ಲೆಕ್ಕ ಬರೆಯಬೇಕು. ಎರಡೂ ತಂಡದ್ದು, ಯಾರು ಮಾಡಿದ್ದು, ಯಾವ ನಂಬರು. ಒಂಬತ್ತನೇ ಕ್ಲಾಸಿನ ಒಬ್ಬ ಉದ್ದನೆಯ ಡಿಫೆಂಡರ್, ಮೊಣಕೈಗೆ ಹೆಸರಾದವನು, ಕ್ರೇಟ್ ಮೇಲೆ ಕೂತು ತನ್ನದೇ ತಂಡದ ನಾಲ್ಕನೇ ನಂಬರಿನ ಹುಡುಗನ ಎದುರು ಗೀಟು ಹಾಕುತ್ತ ಹೋದ. ನಾಲ್ಕನೇ ಗೀಟಿಗೆ ಪೆನ್ಸಿಲ್ ಕೆಳಗಿಟ್ಟು "ಸರ್, ಇವನನ್ನು ಹೊರಗೆ ಕರೀರಿ, ನಂಗೆ ಬರೆದು ಬರೆದು ಸಾಕಾಯ್ತು" ಅಂದ. ಸ್ಕೋರರ್ ಅಕ್ಕೋರಿಗೆ ನಗು ತಡೆಯಲು ಆಗಲಿಲ್ಲ.

ಅಂಕದ ವಿಷಯ. ಮೊದಲು ಒಂದು ಶಾಲೆಯ ಮಾಸ್ತರು ಇನ್ನೊಂದು ಶಾಲೆಗೆ ನಡತೆಯ ಅಂಕ ಕೊಡಲಿ ಅಂದೆ, ಹತ್ತಕ್ಕೆ. ಎರಡು ವಾರ ಚೆನ್ನಾಗಿ ನಡೆಯಿತು. ಮೂರನೇ ವಾರದಿಂದ ಎಲ್ಲರಿಗೂ ಹತ್ತಕ್ಕೆ ಹತ್ತು. ನೀ ನನಗೆ ಕೊಡು, ನಾ ನಿನಗೆ ಕೊಡ್ತೆ ಅಂತ ಚಹಾ ಅಂಗಡಿಯಲ್ಲೇ ಒಪ್ಪಂದ ಆಗಿತ್ತು. ಅದನ್ನು ಬಿಟ್ಟು ಕಾರ್ಡಿನ ಲೆಕ್ಕಕ್ಕೆ ಬಂದೆ. ಹೊರಗೆ ಕೂತರೆ ಒಂದು ಕಳೆ, ನೇರ ಕೆಂಪು ಕಾರ್ಡಿಗೆ ನಾಲ್ಕು ಕಳೆ, ಪಾಲಕರು ಗೆರೆ ದಾಟಿ ಒಳಗೆ ಬಂದರೆ ಎರಡು ಕಳೆ. ಲೀಗಿನಲ್ಲಿ ಪಾಯಿಂಟ್ ಸಮವಾದರೆ ಗೋಲ್ ಲೆಕ್ಕಕ್ಕೂ ಮೊದಲು ಇದನ್ನು ನೋಡುತ್ತೇವೆ. "ಇದೆಂಥ ಲೆಕ್ಕ, ಎಲ್ಲೂ ಇಲ್ಲದ್ದು" ಅಂದವರಿಗೆ 2018ರ ವಿಶ್ವಕಪ್ ನೆನಪಿಸಿದೆ. ಜಪಾನ್, ಸೆನೆಗಲ್ ಎರಡರದ್ದೂ ಪಾಯಿಂಟ್ ಸಮ, ಗೋಲ್ ಸಮ, ಪರಸ್ಪರ ಪಂದ್ಯವೂ 2-2. ಜಪಾನ್‌ಗೆ ನಾಲ್ಕು ಹಳದಿ, ಸೆನೆಗಲ್‌ಗೆ ಆರು. ಜಪಾನ್ ಮುಂದೆ ಹೋಯಿತು. ಅಲ್ಲಿ ಅದು ಕೊನೆಗೆ ನೋಡುವ ಲೆಕ್ಕ, ನಾನು ಮೊದಲಿಗೆ ತಂದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಕಿಡಿಗೇಡಿತನವನ್ನೂ ಮಾಡಿದೆ. ಒಳ್ಳೆಯ ನಡತೆಗೆ ಕೊಡುವ ಕಪ್, ಲೀಗ್ ಗೆದ್ದವರ ಕಪ್‌ಗಿಂತ ಒಂದು ಗೇಣು ಎತ್ತರ. ಗೆದ್ದವರದ್ದು ಆರುನೂರರದ್ದು, ಇದು ಸಾವಿರದ ಮೇಲೆ. ಮೊದಲ ವರ್ಷ ಗೆದ್ದ ಶಾಲೆಯವರು ಸಿಟ್ಟಾದರು. ಮರುವರ್ಷ ಅವರೇ ದೊಡ್ಡ ಕಪ್ ಹೊತ್ತುಕೊಂಡು ಟೆಂಪೋ ಹತ್ತಿದರು.

ಮಾಮಂದಿರ ಬಗ್ಗೆ. ಹಗ್ಗ ಕಟ್ಟಿ ಗೆರೆಯಿಂದ ಮೂರು ಮೀಟರ್ ಹಿಂದೆ ನಿಲ್ಲಿಸಿದ್ದು ಸ್ವಲ್ಪ ಕೆಲಸ ಮಾಡಿತು. ಜಾಸ್ತಿ ಕೆಲಸ ಮಾಡಿದ್ದು ಬಾವುಟ. ಎಲ್ಲರಿಗಿಂತ ದೊಡ್ಡ ದನಿಯ ಮಾಮನನ್ನು ಕರೆದು ಲೈನ್‌ಮನ್ ಮಾಡುತ್ತೇನೆ, ಅವನ ಹುಡುಗ ಆಡದ ಪಂದ್ಯಕ್ಕೆ. ಒಂದು ಪಂದ್ಯ ಬಾವುಟ ಹಿಡಿದು ಬೈಗುಳ ತಿಂದವನು ಮುಂದಿನ ಶನಿವಾರ ತಣ್ಣಗಿರುತ್ತಾನೆ. ಬಾವುಟ ಕೊಡುವ ಮೊದಲು ಅವನ ಕಿವಿಯಲ್ಲಿ ಒಂದು ಮಾತು ಹೇಳುತ್ತೇನೆ, ಅದನ್ನು ಬರೆಯೋದಿಲ್ಲ. ಪಾಲಕರೂ ಇದನ್ನು ಓದುತ್ತಾರೆ ಮಾರಾಯರೆ.

ಚೆಂಡು ತರುವ ಹುಡುಗರ ವಿಷಯವನ್ನೂ ಮರೆಯಬಾರದು. ಗೆಲ್ಲುತ್ತಿರುವ ತಂಡದ ಹುಡುಗ ಗಾಳಿಮರದ ತೋಪಿಗೆ ಹೋದ ಚೆಂಡು ತರಲು ಮೂರು ನಿಮಿಷ ಮಾಡುತ್ತಾನೆ. ಈಗ ಪ್ರತಿ ಗೋಲ್ ಹಿಂದೆ ಎದುರು ತಂಡದ ಮೀಸಲು ಆಟಗಾರ ನಿಲ್ಲುತ್ತಾನೆ. ಚೆಂಡು ಹಾರಿಕೊಂಡು ಬರುತ್ತದೆ.

ನಡುವೆ ಅಡಿಕೆ ಹಾಳೆಯ ಪ್ರಯೋಗ. ಪೇಟೆ ಹುಡುಗರಿಗೆ ಸ್ಟಡ್ ಶೂ, ಹಳ್ಳಿ ಕಡೆಯವರಿಗೆ ಬರಿಗಾಲು. ಇದರಲ್ಲಿ ನ್ಯಾಯ ಎಲ್ಲಿ ಬಂತು? ಶೂ, ಶಿನ್‌ಗಾರ್ಡ್ (ಮೊಣಕಾಲ ಕೆಳಗೆ ಏಟು ತಡೆಯಲು ಕಟ್ಟುವ ಪಟ್ಟಿ) ಕಡ್ಡಾಯ ಅಂದಾಗ ಒಬ್ಬ ಅಜ್ಜ "1948ರ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬರಿಗಾಲಲ್ಲೇ ಆಡಿದ್ದು" ಅಂತ ವಾದಕ್ಕೆ ಬಂದರು. ಅವರು ಹೇಳಿದ್ದು ಸರಿ, ಅಂದು ಬಹಳ ಜನ ಬರಿಗಾಲಲ್ಲೇ ಇದ್ದರು. ಆದರೆ ಫ್ರಾನ್ಸ್ ಎದುರು 2-1ರಿಂದ ಸೋತಿದ್ದೂ ಸರಿ. ಶೂಗಳನ್ನು ಹಳೆ ವಿದ್ಯಾರ್ಥಿಗಳಿಂದ ಕೂಡಿಸಿದೆವು. ಶಿನ್‌ಗಾರ್ಡಿಗೆ ದುಡ್ಡಿರಲಿಲ್ಲ. ಶಿರಸಿಯ ಗೆಳೆಯ ಅಡಿಕೆ ಹಾಳೆ ಒಂದು ಕಟ್ಟು ಬಸ್ಸಿಗೆ ಹಾಕಿ ಕಳಿಸಿದ. ನೆನೆಸಿ, ಬಾಟಲಿಗೆ ಸುತ್ತಿ ಕಟ್ಟಿ, ಒಣಗಿಸಿ, ಅಂಚಿಗೆ ಬಟ್ಟೆ ಹೊಲಿದೆವು. ಕಾಲಿಗೆ ಎಷ್ಟು ಚೆಂದ ಕೂತಿತ್ತು ಗೊತ್ತಾ! ಬಿಸಿಲಲ್ಲಿ ಪ್ರ್ಯಾಕ್ಟೀಸಿಗೆ ಏನೂ ತೊಂದರೆ ಇಲ್ಲ. ಮಳೆಯಲ್ಲಿ ಅರ್ಧ ಆಟಕ್ಕೇ ಮೆತ್ತಗಾಗಿ ಕಾಲುಚೀಲದೊಳಗೆ ಮುದುಡಿತು. ಕೊನೆಗೆ ಜೊತೆಗೆ ನೂರೈವತ್ತರಂತೆ ಎರಡು ತಂಡಕ್ಕಾಗುವಷ್ಟು ತಂದು, ಒಂದೇ ಚೀಲದಲ್ಲಿಟ್ಟು, ಪಂದ್ಯದಿಂದ ಪಂದ್ಯಕ್ಕೆ ದಾಟಿಸುತ್ತೇವೆ. ದೊಡ್ಡ ಖರ್ಚು ಅಂದರೆ ಅದೇ, ಮೂರು ಸಾವಿರದ ಮೇಲೆ ಹೋಯಿತು. ಅಡಿಕೆ ಹಾಳೆಯ ಆಸೆ ಇನ್ನೂ ಬಿಟ್ಟಿಲ್ಲ, ಮೇಣ ಹಚ್ಚಿ ನೋಡಬೇಕು ಅಂತಿದೆ.

ಇಂಗ್ಲೆಂಡಿನಲ್ಲಿ ಮಕ್ಕಳ ಪಂದ್ಯಕ್ಕೆ ಪಾಲಕರು ಬಾಯಿ ಬಿಡದ ವಾರಾಂತ್ಯ ಮಾಡಿದ್ದರು ಅಂತ ಓದಿ ನಾವೂ ಒಂದು ಶನಿವಾರ ಮಾಡಿದೆವು. ಹುಡುಗರೇ ಬಂದು "ಬೇಡ ಸರ್, ಬೇಜಾರು" ಅಂದರು. ಬಿಟ್ಟೆವು.

ಎಲ್ಲ ಸೇರಿ ಈ ಬದಲಾವಣೆಗಳ ಮೊದಲ ವರ್ಷದ ಖರ್ಚು ಏಳು ಸಾವಿರದ ಆಸುಪಾಸು. ಶಾಲೆಗೆ ಮುನ್ನೂರರಂತೆ ಪ್ರವೇಶ ಶುಲ್ಕ, ಉಳಿದದ್ದು ಹಳೆ ವಿದ್ಯಾರ್ಥಿಗಳು, ಸ್ವಲ್ಪ ನನ್ನ ಜೇಬು. ಮೊದಲು ವಾರಕ್ಕೊಂದು ಜಗಳ ಗ್ಯಾರಂಟಿ ಇತ್ತು. ಕಳೆದ ಮಳೆಗಾಲದಲ್ಲಿ ಪಂದ್ಯ ನಿಲ್ಲಿಸಬೇಕಾದದ್ದು ಒಂದೋ ಎರಡೋ ಸಲ, ಅದರಲ್ಲಿ ಒಂದು ಸಿಡಿಲಿಗೆ.

ನಿಯಮದ ಹಾಳೆ ಬೇಕಾದವರು ಶನಿವಾರ ಮೈದಾನಕ್ಕೇ ಬನ್ನಿ. ಅಷ್ಟೆಲ್ಲ ದುಡ್ಡು ಹೊಂದುವುದಿಲ್ಲ ಅನ್ನುವವರು ಮೊದಲು ಸೀಟಿ ಬದಲಿಸಿ, ಆಮೇಲೆ ಬಲೆ ಕಟ್ಟಿ, ಕಪ್‌ನ ವಿಷಯ ಮರುವರ್ಷ ನೋಡಿಕೊಳ್ಳಿ. ಬಲೆ ಕೇಳುವುದಿದ್ದರೆ ಜುಲೈ ಮುಗಿಯುವುದರೊಳಗೆ ಬಂದರಿಗೆ ಹೋಗಿ. ಆಗಸ್ಟ್‌ಗೆ ದೋಣಿ ಇಳಿದ ಮೇಲೆ ಅಲ್ಲಿ ಯಾರಿಗೂ ನಿಮ್ಮ ಮಾತು ಕೇಳಲು ಪುರುಸೊತ್ತಿರುವುದಿಲ್ಲ.