ಒಲೆ ಒಂದು ಸಲ ಹಚ್ಚಿದರೆ

"ಟೀಚರಮ್ಮ, ನಿಮಗೆ ಒಂದು ಸಿಲಿಂಡರ್ ಎಷ್ಟು ದಿನ ಬರುತ್ತೆ?" ಎದುರು ಮನೆಯ ಹುಡುಗಿ ಮೊನ್ನೆ ಕೇಳಿದಳು. ನಾವು ಐದು ಜನ, ನಮಗೆ ಒಂದೂವರೆ ತಿಂಗಳು ಬರುತ್ತದೆ. ಅವರು ನಾಲ್ಕೇ ಜನ, ಇಪ್ಪತ್ತೈದು ದಿನಕ್ಕೆ ಖಾಲಿ. ಎಲ್ಲರ ಮನೆಗೂ ಬರುವುದು ಅದೇ 14.2 ಕಿಲೋ ಗ್ಯಾಸ್. ಮಾರನೇ ದಿನ ಬೆಳಗ್ಗೆ ಅವಳ ಅಡುಗೆಮನೆಯಲ್ಲಿ ಒಂದು ಗಂಟೆ ಕೂತೆ. ಪಾಪ, ಒಂದು ನಿಮಿಷ ನಿಂತ ಹುಡುಗಿಯಲ್ಲ ಅವಳು. ಆದರೆ ಅಷ್ಟರಲ್ಲಿ ಒಂಬತ್ತು ಸಲ ಒಲೆ ಹಚ್ಚಿದಳು. ಬೇಳೆಗೆ ಒಂದು ಸಲ, ಅನ್ನಕ್ಕೆ ಒಂದು ಸಲ, ಆಲೂಗೆಡ್ಡೆಗೆ ಇನ್ನೊಂದು ಸಲ. ಮಗುವಿಗೆ ಹಾಲು, ಮಾವನವರಿಗೆ ಬಿಸಿನೀರು, ತಿರುಗಾ ಕಾಫಿ.

ನಾನು ಹುಟ್ಟಿದ್ದು ಮಂಡ್ಯದ ಕಡೆ ಹಳ್ಳಿಯಲ್ಲಿ, ಸಂಸಾರ ಮಾಡಿದ್ದು ಮೈಸೂರಿನಲ್ಲಿ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟೆ. ಒಂಬತ್ತೂವರೆಗೆ ಶಾಲೆಯಲ್ಲಿ ಇರಬೇಕಿತ್ತು, ಮನೆಯಲ್ಲಿ ಎರಡು ಸಣ್ಣ ಮಕ್ಕಳು. ಹಾಗಾಗಿ ನಾನು ಕಲಿತದ್ದೆಲ್ಲ ಹೊತ್ತು ಉಳಿಸಲು. ದುಡ್ಡು ಅದರ ಹಿಂದೆಯೇ ತಾನಾಗಿ ಉಳಿಯಿತು. ಅವಳಿಗೂ ಅದನ್ನೇ ಹೇಳಿದೆ. ಕೈ ಬಿಗಿ ಹಿಡಿಯುವುದು ಆಮೇಲೆ, ಮೊದಲು ಒಲೆ ಎಷ್ಟು ಸಲ ಹಚ್ಚುತ್ತಿದ್ದೀಯ ಅಂತ ಲೆಕ್ಕ ಹಾಕು.

ನೀರು ಒಂದು ಸಲ ಕುದಿ ಬಂದ ಮೇಲೆ ಉರಿ ಎಷ್ಟೇ ಜಾಸ್ತಿ ಮಾಡಿದರೂ ಅದರ ಬಿಸಿ ಏರುವುದಿಲ್ಲ. ಸುಮ್ನೆ ಆವಿ ಜಾಸ್ತಿ ಹೋಗುತ್ತದೆ, ಅಷ್ಟೇ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಎರಡು ಮೂರು ಡಿಗ್ರಿ ಮುಂಚೆಯೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಕಾಳು ಬೇಯಲು ಅಷ್ಟು ಹೊತ್ತು ಹಿಡಿಯುವುದಕ್ಕೆ ಇದೂ ಒಂದು ಕಾರಣ. ಕುಕ್ಕರಿನೊಳಗೆ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಒಂದು ವಿಷಲ್ ಬಂದ ತಕ್ಷಣ ಉರಿ ಪೂರ್ತಿ ಸಣ್ಣ ಮಾಡಿ. ಆಮೇಲೆ ವಿಷಲ್ ಎಣಿಸಬೇಡಿ, ಗಡಿಯಾರ ನೋಡಿ. ಅರ್ಧ ಗಂಟೆ ನೆನೆದ ತೊಗರಿಬೇಳೆಗೆ ಏಳೆಂಟು ನಿಮಿಷ ಸಾಕು. ಆರಿಸಿ, ಹಬೆ ತಾನಾಗಿ ಇಳಿಯಲು ಬಿಡಿ. ಆ ಹತ್ತು ನಿಮಿಷವೂ ಒಳಗೆ ಬೇಯುತ್ತಲೇ ಇರುತ್ತದೆ, ಪುಕ್ಕಟೆಯಾಗಿ. ಕೆಳಗಿನ ಡಬ್ಬಿಯಲ್ಲಿ ಬೇಳೆ, ಮೇಲೆ ಅನ್ನ, ಅದರ ಮೇಲಿನ ತಟ್ಟೆಯಲ್ಲಿ ತರಕಾರಿ. ಮೂರು ಸಲದ ಕೆಲಸ ಒಂದೇ ಸಲ ಆಯಿತಲ್ವಾ?

ಬೋರ್‌ವೆಲ್ ನೀರಿನ ಮನೆಯವರು ಬೇಳೆ ಬೇಯುವುದಿಲ್ಲ ಅಂತ ಅಂಗಡಿಯವರನ್ನು ಬೈಯುತ್ತಾರೆ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ, ಅದು ಬೇಳೆಯ ತಪ್ಪಲ್ಲ. ಬೇಳೆಯ ಮಟ್ಟಿಗಾದರೂ ಕಾವೇರಿ ನೀರು ಹಿಡಿದಿಡಿ. ಹುಣಸೆಹುಳಿ, ಟೊಮೆಟೊವನ್ನು ಬೇಳೆ ಬೆಂದ ಮೇಲೆಯೇ ಹಾಕಿ. ಹುಳಿ ಮೊದಲೇ ಬಿದ್ದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ.

ಒಲೆ ಉಳಿಸುವ ಅಡುಗೆ ಅಂದರೆ ನನಗೆ ನಮ್ಮ ಮಂಡ್ಯದ ಬಸ್ಸಾರು. ಇದರ ಮುಂದೆ ಬೇರೆ ಯಾವುದೂ ಇಲ್ಲ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ರಾತ್ರಿ ಒಂದು ಪಾವು ತೊಗರಿಕಾಳೋ ಹೆಸರುಕಾಳೋ ಅಲಸಂದೆಯೋ ನೆನೆಹಾಕಿ. ಬೆಳಗ್ಗೆ ಕಾಳು ಮುಕ್ಕಾಲು ಬೆಂದ ಮೇಲೆ ದಂಟು, ಸಬ್ಬಸಿಗೆ, ಕಿರಕಿರೆ, ಸಿಕ್ಕಿದ ಸೊಪ್ಪನ್ನು ಹೆಚ್ಚಿ ಹಾಕಿ. ಎಳೆ ದಂಟನ್ನೂ ಎಸೆಯಬೇಡಿ, ಸಣ್ಣಗೆ ಹೆಚ್ಚಿ ಸೇರಿಸಿ. ಉಪ್ಪು ಹಾಕಿ, ಬೆಂದ ಮೇಲೆ ಕಟ್ಟು, ಅಂದರೆ ಬೇಯಿಸಿದ ನೀರು, ಬಸಿಯಿರಿ. ಸೊಪ್ಪು ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಅದರಲ್ಲೇ ಒಂದು ಹಿಡಿ ತೆಗೆದಿಟ್ಟು ಹುರಿದ ಈರುಳ್ಳಿ, ಬೆಳ್ಳುಳ್ಳಿ, ಕಾಯಿ, ಹುಣಸೆ, ಸಾರಿನ ಪುಡಿ ಜೊತೆ ರುಬ್ಬಿ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಸೊಪ್ಪಿನ ಸತ್ವದಲ್ಲಿ ಒಂದು ಪಾಲು ಬೇಯಿಸಿದ ನೀರಿಗೆ ಇಳಿದಿರುತ್ತದೆ. ಬಸ್ಸಾರಿನಲ್ಲಿ ಆ ನೀರು ಒಂದು ತೊಟ್ಟೂ ಹಾಳಾಗುವುದಿಲ್ಲ. ನಮ್ಮ ಅವ್ವ ಓದಿದವಳಲ್ಲ, ಆದರೂ ಕಟ್ಟು ಚೆಲ್ಲಿದರೆ ಸುಮ್ಮನಿರುತ್ತಿರಲಿಲ್ಲ. ಈ ಸಾರು ಮಾರನೇ ದಿನಕ್ಕೆ ಇನ್ನೂ ರುಚಿ. ಹಾಗಾಗಿ ಎರಡು ದಿನಕ್ಕೆ ಆಗುವಷ್ಟು ಮಾಡಿ, ಆರಿದ ಕೂಡಲೇ ಅರ್ಧ ಫ್ರಿಜ್ಜಿಗೆ ಎತ್ತಿಡಿ. ರಾತ್ರಿ ಮುದ್ದೆ ಉಳಿದರೆ ನೀರಿನಲ್ಲಿ ಮುಳುಗಿಸಿಡಿ. ಬೆಳಗ್ಗೆ ಕಿವುಚಿ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿದರೆ ಅಂಬಲಿ ಸಿದ್ಧ. ಒಲೆಯ ಮಾತೇ ಇಲ್ಲ.

ಸೊಪ್ಪು ಸೋಸುವುದಕ್ಕೆ ಯಾರಿಗೆ ಹೊತ್ತಿದೆ ಅಂತ ಆ ಹುಡುಗಿ ಕೇಳಿದಳು. ನಿಜ. ಅದನ್ನು ಬೆಳಗ್ಗೆ ಮಾಡಲೇಬಾರದು. ಸಂಜೆ ಎಲ್ಲರೂ ಟಿವಿ ಮುಂದೆ ಕೂತಾಗ ಸೊಪ್ಪಿನ ಕಟ್ಟು ನಡುವೆ ಇಡಿ. ಗಂಡಸರ ಕೈಗೂ ಒಂದು ಕಟ್ಟು ಕೊಡಿ, ಮಕ್ಕಳ ಕೈಗೂ ಕೊಡಿ. ಸೋಸಿದ್ದನ್ನು ತೊಳೆಯದೆ ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ ಇಡಿ. ತೇವ ಇದ್ದರೆ ಒಂದೇ ದಿನಕ್ಕೆ ಕೊಳೆಯುತ್ತದೆ.

ತರಕಾರಿಗೆ ದೇವರಾಜ ಮಾರುಕಟ್ಟೆಗೇ ಹೋಗಬೇಕು ಅಂತ ಹಟ ಬೇಡ. ಹತ್ತು ರೂಪಾಯಿ ಉಳಿಸಲು ಆಟೋಗೆ ನೂರು ಕೊಟ್ಟರೆ ಏನು ಬಂತು? ಹೂವಿಗೋ ಹಬ್ಬಕ್ಕೋ ಹೋದ ದಿನ ವಾರದ ತರಕಾರಿ ತನ್ನಿ, ಉಳಿದ ದಿನ ಮನೆ ಮುಂದೆ ಬರುವ ತಳ್ಳುಗಾಡಿಯೇ ಸರಿ.

ಒಟ್ಟಿಗೆ ತರುವ ವಿಷಯದಲ್ಲಿ ನಾನು ಒಂದು ಸಲ ಪೆಟ್ಟು ತಿಂದೆ. ಆಷಾಢದಲ್ಲಿ ಬೆಲೆ ಕಡಿಮೆ ಅಂತ ಒಂದು ಅಂಗಡಿಯಿಂದ ಹತ್ತು ಕಿಲೋ ರವೆ, ಐದು ಕಿಲೋ ಕಡಲೆಹಿಟ್ಟು ತಂದೆ. ಗೌರಿಹಬ್ಬದ ಹೊತ್ತಿಗೆ ಅರ್ಧಕ್ಕೆ ಹುಳ ಬಿದ್ದಿತ್ತು. ಆ ತಿಂಗಳ ಸಂಬಳದಲ್ಲಿ ಅದು ದೊಡ್ಡ ನಷ್ಟ, ಇವತ್ತಿಗೂ ಮನಸ್ಸಿಗೆ ನೋವು. ಪುಡಿಯಾದದ್ದು ಏನೇ ಇರಲಿ, ತಿಂಗಳಿಗಾಗುವಷ್ಟೇ ತನ್ನಿ. ಇಡಿಯಾಗಿರುವುದನ್ನು ವರ್ಷಕ್ಕೆ ತರಬಹುದು. ರಾಗಿ ಅದಕ್ಕೆ ರಾಣಿ. ಸುಗ್ಗಿ ಮುಗಿದ ಮೇಲೆ ತಂದು ಒಣಗಿಸಿ ತುಂಬಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಹಿಟ್ಟು ಮಾತ್ರ ಇಪ್ಪತ್ತು ದಿನಕ್ಕೆ ಆಗುವಷ್ಟೇ ಬೀಸಿಸಿ, ಹಳೆಯ ಹಿಟ್ಟಿಗೆ ಮುಗ್ಗಲು ವಾಸನೆ ಬರುತ್ತದೆ. ತೊಗರಿಬೇಳೆಯನ್ನು ಒಂದು ದಿನ ಬಿಸಿಲಿಗೆ ಹಾಕಿ, ಕಿಲೋಗೆ ಒಂದು ಸಣ್ಣ ಚಮಚ ಹರಳೆಣ್ಣೆ ಸವರಿ ಡಬ್ಬಿಗೆ ತುಂಬಿ. ಬೇಯಿಸುವ ಮುಂಚೆ ಚೆನ್ನಾಗಿ ತೊಳೆದರೆ ಆಯಿತು. ಕಾಳುಕಡ್ಡಿಗೆ ಬೋರಿಕ್ ಪುಡಿ ಹಾಕುವವರಿದ್ದಾರೆ, ದಯವಿಟ್ಟು ಹಾಕಬೇಡಿ.

ಹುಣಸೆಹಣ್ಣು ಬೇಸಿಗೆಯಲ್ಲಿ ಹೊಸದು ಬಂದಾಗ ವರ್ಷದ್ದು ತನ್ನಿ. ಬೀಜ, ನಾರು ತೆಗೆದು, ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತಿಡಿ. ಸಾರಿಗೆ ಹಿಂಡಿದ ಮೇಲೆ ಉಳಿಯುವ ಹಿಪ್ಪೆಯನ್ನು ಒಂದು ಸಣ್ಣ ಬಟ್ಟಲಲ್ಲಿ ಕೂಡಿಟ್ಟರೆ ಶುಕ್ರವಾರ ದೀಪದ ಕಂಬ, ತಾಮ್ರದ ಚೊಂಬು ಫಳಫಳ ಅನ್ನುತ್ತವೆ. ಅದಕ್ಕೆ ಬೇರೆ ಪುಡಿ ಕೊಳ್ಳುವ ಅಗತ್ಯವೇ ಇಲ್ಲ. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಹೀರೇಕಾಯಿ ಸಿಪ್ಪೆ ಚಟ್ನಿಗೆ.

ಕೆಲವು ಕಡೆ ಮಾತ್ರ ಉಳಿಸಲು ಹೋಗಬೇಡಿ. ಕರಿದ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿಯಬೇಡಿ. ಗ್ಯಾಸಿನ ರಬ್ಬರ್ ಪೈಪು ನೋಡಲು ಚೆನ್ನಾಗಿದ್ದರೂ ಐದು ವರ್ಷಕ್ಕೆ ಬದಲಾಯಿಸಿ. ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ತೂತುಗಳನ್ನು ಶುಚಿ ಮಾಡಿ, ಉರಿ ನೀಲಿಯಾಗಿರಬೇಕು. ಬಚ್ಚಲು ತೊಳೆಯಲು ಉಳಿದ ಆ್ಯಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿಸುವವರನ್ನು ನಾನು ಕಂಡಿದ್ದೇನೆ. ಅದರಿಂದ ಏಳುವುದು ಕ್ಲೋರಿನ್ ಅನಿಲ, ಮುಚ್ಚಿದ ಬಚ್ಚಲಲ್ಲಿ ಉಸಿರೇ ಕಟ್ಟುತ್ತದೆ. ಈ ಒಂದು ಮಾತನ್ನು ಮನೆ ಕೆಲಸಕ್ಕೆ ಬರುವವರಿಗೂ ತಪ್ಪದೆ ಹೇಳಿ.

ಕೊನೆಗೆ ಸಂಕ್ರಾಂತಿಯ ಮಾತು, ಯಾಕೆಂದರೆ ಹುಡುಗಿ ಎಳ್ಳು ಬೆಲ್ಲವನ್ನು ಅಂಗಡಿಯಿಂದಲೇ ತರುತ್ತಾಳಂತೆ. ಮನೆಯಲ್ಲಿ ಮಾಡುವುದು ಕಷ್ಟ ಅನ್ನಿಸುವುದು ಹಬ್ಬದ ಹಿಂದಿನ ದಿನ ಶುರು ಮಾಡುವುದರಿಂದ. ಮೂರು ವಾರ ಮುಂಚೆ ಕೈ ಹಾಕಿ. ಒಂದು ಸಂಜೆ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆಯಿರಿ, ಇನ್ನೊಂದು ಸಂಜೆ ಹೆಚ್ಚಿ, ಮಾರನೇ ದಿನ ಬಿಸಿಲಿಗೆ ಹರಡಿ. ಕಡಲೆಕಾಯಿ ಬೀಜ ಹುರಿಯುವಾಗ ಆ ಬಾಣಲೆಯ ಬಿಸಿಯಲ್ಲೇ ಎಳ್ಳನ್ನೂ ಹುರಿದುಬಿಡಿ, ಒಲೆ ಇನ್ನೊಂದು ಸಲ ಹಚ್ಚಬೇಡಿ. ಬೀಜದ ಸಿಪ್ಪೆ ಬಿಡಿಸುವುದನ್ನು ಮಕ್ಕಳಿಗೆ ಬಿಡಿ. ಮಂಡ್ಯದ ಅಚ್ಚುಬೆಲ್ಲ ಗಟ್ಟಿಯಾದದ್ದು ನೋಡಿ ತಂದು ಸಣ್ಣಗೆ ಹೆಚ್ಚಿ, ಆರಿಸಿ ಬೇರೆ ಡಬ್ಬಿಯಲ್ಲೇ ಇಡಿ. ಮೊದಲೇ ಬೆರೆಸಿದರೆ ಎಳ್ಳೆಲ್ಲ ಬೆಲ್ಲಕ್ಕೆ ಅಂಟಿಕೊಳ್ಳುತ್ತದೆ. ಹೆರೆದ ಕೊಬ್ಬರಿ ಸಿಪ್ಪೆಯನ್ನು ಎಸೆಯಬೇಡಿ, ಚಟ್ನಿಪುಡಿಗೆ ಆಗುತ್ತದೆ. ಮಣೆಯ ಮೇಲೆ ಉಳಿದ ಬೆಲ್ಲದ ಪುಡಿ ಆವತ್ತಿನ ಸಾರಿಗೆ.