ಸುಣ್ಣದಲ್ಲಿ ಬರೆದ ಕಟ್ಟಡ

ನಾನು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕ. ಊರಿನವರಿಗೆ ಪಿ.ಟಿ. ಸರ. ನಮ್ಮ ಶಾಲೆಗೆ ಆರು ಹೊಸ ಕೋಣೆ ಮಂಜೂರಾದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವನು ನಾನೇ. ಒಂಬತ್ತನೇ ತರಗತಿಯ ಎರಡು ವಿಭಾಗ ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ಮಳೆ ಬಂದರೆ ಕ್ರೀಡಾ ಸಾಮಾನಿನ ಕೋಣೆಯಲ್ಲಿ ಹಿಂದಿ ಪಾಠ ನಡೆಯುತ್ತಿತ್ತು, ಜಾವೆಲಿನ್ ಮೂಲೆಗೆ ಒರಗಿಸಿ.

ಆಮೇಲೆ ನಕ್ಷೆ ಬಂತು. ಹೆಡ್ ಮೇಡಂ ಟೇಬಲ್ ಮೇಲೆ ಬಿಡಿಸಿ ಹಾಕಿದರು. ಕಟ್ಟಡ ಮೈದಾನದ ನಟ್ಟನಡುವೆ ಇತ್ತು.

ನಮ್ಮ ಜಾಗ ಮೂರು ಎಕರೆ. ಉತ್ತರ-ದಕ್ಷಿಣ 132 ಮೀಟರ್, ಪೂರ್ವ-ಪಶ್ಚಿಮ 92 ಮೀಟರ್. ರಸ್ತೆ ಮತ್ತು ಗೇಟು ದಕ್ಷಿಣಕ್ಕೆ. ಹಳೆ ಕಟ್ಟಡ ನೈರುತ್ಯ ಮೂಲೆಯಲ್ಲಿದೆ, ಪರಸಿ ಕಲ್ಲಿನ, ಅಂದರೆ ಶಹಾಬಾದ್ ಕಲ್ಲಿನ, ಗೋಡೆಯದ್ದು. ಅದರ ಮೇಲೇ ಇನ್ನೊಂದು ಅಂತಸ್ತು ಹಾಕಬಾರದೇಕೆ ಅಂತ ಮೊದಲು ಕೇಳಿದೆ. ಪಿಲ್ಲರ್ ಇಲ್ಲದ ಗೋಡೆ, ಮೇಲಿನ ಭಾರ ತಡೆಯುವುದಿಲ್ಲ ಎಂದರು. ಅದು ಸರಿಯಾದ ಮಾತೇ, ಅಲ್ಲಿಗೆ ಬಿಟ್ಟೆ.

ಹೊಸ ಕಟ್ಟಡ ಕೆಳಗೆ ಮೂರು, ಮೇಲೆ ಮೂರು ಕೋಣೆ. ಮೆಟ್ಟಿಲು, ವರಾಂಡ ಸೇರಿ 30 ಮೀಟರ್ ಉದ್ದ, 9 ಮೀಟರ್ ಅಗಲ. ಅಂದರೆ 270 ಚದರ ಮೀಟರ್. ಮೂರು ಎಕರೆ ಅಂದರೆ 12,000 ಚದರ ಮೀಟರ್‌ಗೂ ಮೇಲೆ. ನೂರಕ್ಕೆ ಎರಡು ಪಾಲಿಗಿಂತ ತುಸು ಜಾಸ್ತಿ ಅಷ್ಟೇ. 'ಇಷ್ಟಕ್ಕೆ ಯಾಕೆ ತಕರಾರು ಸರ, ಇನ್ನೂ ಇಷ್ಟು ಜಾಗ ಉಳಿತದಲ್ಲ' ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬರು ಕೇಳಿದರು. ಅವರ ಲೆಕ್ಕ ತಪ್ಪಲ್ಲ. ಆದರೆ ಮೈದಾನವನ್ನು ಹೊಲದ ಹಾಗೆ ಗುಂಟೆಯಲ್ಲಿ ಅಳೆಯಲು ಬರುವುದಿಲ್ಲ. ರೊಟ್ಟಿಯ ನಡುವೆ ತೂತು ಬಿದ್ದರೆ ರೊಟ್ಟಿ ತೂಕದಲ್ಲಿ ಅಷ್ಟೇ ಇರುತ್ತದೆ, ಪಲ್ಯ ಮಾತ್ರ ನಿಲ್ಲುವುದಿಲ್ಲ.

ಅವತ್ತು ರಾತ್ರಿ ಚೌಕದ ಹಾಳೆ ತೆಗೆದು ಕೂತೆ. 400 ಮೀಟರ್ ಟ್ರ್ಯಾಕ್ ನಮ್ಮ ಜಾಗದಲ್ಲಿ ಹೇಗೂ ಕೂರುವುದಿಲ್ಲ. ಎಂಟು ಲೇನಿನದಕ್ಕೆ ಸುಮಾರು 176 ಮೀಟರ್ ಉದ್ದ, 92 ಮೀಟರ್ ಅಗಲ ಬೇಕು. ನಮಗೆ ಸಾಧ್ಯವಿದ್ದದ್ದು 200 ಮೀಟರ್ ಟ್ರ್ಯಾಕ್. ಎರಡು ನೇರ ಭಾಗ ತಲಾ 40 ಮೀಟರ್ ಇಟ್ಟರೆ, ಎರಡು ತಿರುವಿಗೆ 120 ಮೀಟರ್ ಉಳಿಯುತ್ತದೆ. ಅದರ ತ್ರಿಜ್ಯ 19.1 ಮೀಟರ್. ಒಂದು ಲೇನ್ 1.22 ಮೀಟರಿನಂತೆ ನಾಲ್ಕು ಲೇನ್ ಸೇರಿಸಿದರೆ ಒಟ್ಟು 88 ಮೀಟರ್ ಉದ್ದ, 48 ಮೀಟರ್ ಅಗಲ. ಉತ್ತರ-ದಕ್ಷಿಣವಾಗಿ ಹಾಕಿದರೆ ಆರಾಮಾಗಿ ಕೂರುತ್ತದೆ. ನಡುವೆ ಕಟ್ಟಡ ಬಂದರೆ? ಅಡ್ಡ ತಿರುಗಿಸಬೇಕು. ಆಗ ಎರಡೂ ತುದಿಗೆ ಕಾಂಪೌಂಡ್ ಎರಡು ಮೀಟರ್ ದೂರ. ತಿರುವಿನಲ್ಲಿ ಜಾರಿದ ಹುಡುಗ ಸೀದಾ ಗೋಡೆಗೆ. ಅದೂ ಅಲ್ಲದೆ ನಮ್ಮ ಮಕ್ಕಳು ಓಡುವುದು ಸಂಜೆ. ಪಶ್ಚಿಮಕ್ಕೆ ಓಡುವಾಗ ಸೂರ್ಯ ನೇರ ಕಣ್ಣಿಗೆ. ಟ್ರ್ಯಾಕನ್ನೂ ವಾಲಿಬಾಲ್ ಅಂಕಣವನ್ನೂ ಉತ್ತರ-ದಕ್ಷಿಣ ಇಡುವುದು ಇದಕ್ಕೇ.

ಇನ್ನೊಂದು ವಿಷಯ ಹಾಳೆಯಲ್ಲಿ ಕಾಣುವುದಿಲ್ಲ. ಕಟ್ಟಡದ ಹಿಂದೆ ಉಳಿಯುವ ಜಾಗಕ್ಕೆ ಯಾರ ಕಣ್ಣೂ ಇರುವುದಿಲ್ಲ. ಆ ಅರ್ಧ ಮೈದಾನ ವರ್ಷದೊಳಗೆ ಜಾಲಿ ಬೆಳೆದು, ಗುಟ್ಕಾ ಚೀಟಿ, ಖಾಲಿ ಬಾಟಲಿ ಬೀಳುವ ಜಾಗವಾಗುತ್ತದೆ. ಬೇರೆ ಊರಿನ ಶಾಲೆಗಳಿಗೆ ವಲಯ ಮಟ್ಟದ ಆಟಕ್ಕೆ ಹೋದಾಗ ಇಂಥದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಮನವಿ ಬರೆದೆ. ಎರಡು ಪುಟ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕು ಎಂದಿದೆ ಅಂತ ಸೇರಿಸಿದೆ. ನಿಜ ಹೇಳಬೇಕೆಂದರೆ ಅದು ಎಂಟನೇ ತರಗತಿವರೆಗಿನ ಕಾಯ್ದೆ, ಮೈದಾನ ಎಷ್ಟು ದೊಡ್ಡದಿರಬೇಕು ಎಂಬ ಅಳತೆಯೂ ಅದರಲ್ಲಿ ಇಲ್ಲ. ಆ ಕಾಗದದಿಂದ ಏನೂ ಆಗಲಿಲ್ಲ. ನಕ್ಷೆ ತೋರಿಸಿ ಮಾತಾಡಿದೆ, ಅದರಿಂದಲೂ ಆಗಲಿಲ್ಲ. ನೀಲಿ ಗೆರೆ ನೋಡಿ ಎಲ್ಲರೂ ತಲೆ ಆಡಿಸಿದರು, ಯಾರಿಗೂ ತಿಳಿದಿರಲಿಲ್ಲ.

ಆಗ ಹೊಳೆದದ್ದು ಸುಣ್ಣ. ನಾನು ವರ್ಷಕ್ಕೆ ಹತ್ತು ಸಲ ನೆಲದ ಮೇಲೆ ಗೆರೆ ಎಳೆಯುವವನು. ಕಟ್ಟಡವನ್ನೂ ಎಳೆದರಾಯಿತು, ಅಲ್ವಾ?

ಭಾನುವಾರ ಬೆಳಿಗ್ಗೆ ಹತ್ತನೇ ತರಗತಿಯ ಎಂಟು ಹುಡುಗ-ಹುಡುಗಿಯರು ಬಂದರು. 30 ಮೀಟರ್ ಟೇಪು, ನಾಲ್ಕು ಗೂಟ, ಒಂದು ಹುರಿ, ಎರಡು ಚೀಲ ಸುಣ್ಣದ ಪುಡಿ. ಮೂಲೆ ಸರಿಯಾಗಿ ಬರಲು ಮೂರು-ನಾಲ್ಕು-ಐದರ ಲೆಕ್ಕ. ಒಂದು ಕಡೆ ಮೂರು ಮೀಟರ್, ಇನ್ನೊಂದು ಕಡೆ ನಾಲ್ಕು, ನಡುವಿನ ಕರ್ಣ ಐದು ಬಂದರೆ ಮೂಲೆ ನೆಟ್ಟಗೆ. ಪೈಥಾಗೊರಸ್ ಪ್ರಮೇಯ ಪರೀಕ್ಷೆಗೆ ಬಿಟ್ಟು ಬೇರೆ ಕಡೆ ಉಪಯೋಗ ಆಗುತ್ತದೆ ಎಂದು ಆ ಮಕ್ಕಳಿಗೆ ಅವತ್ತೇ ಗೊತ್ತಾಯಿತು. ನಕ್ಷೆಯಲ್ಲಿದ್ದ ಜಾಗದಲ್ಲೇ ಪೂರ್ತಿ ಅಳತೆಯ ಕಟ್ಟಡ ಬರೆದೆವು. ಬಾಗಿಲು, ಮೆಟ್ಟಿಲು ಎಲ್ಲ. ಆಮೇಲೆ ಟ್ರ್ಯಾಕ್ ಬರೆಯಲು ಹೋದೆವು. ಗೆರೆ ಎರಡನೇ ಕೋಣೆಯೊಳಗೆ ಹೊಕ್ಕಿತು.

ಸೋಮವಾರ ಎಸ್‌ಡಿಎಂಸಿಯವರನ್ನು ಅದರೊಳಗೆ ಕರೆದುಕೊಂಡು ಹೋಗಿ ನಿಲ್ಲಿಸಿದೆ. ಭಾಷಣ ಮಾಡಲಿಲ್ಲ. ಹುಡುಗರಿಗೆ 'ಓಡ್ರಿ' ಎಂದೆ. ಓಡುತ್ತಾ ಬಂದವರು ಗೆರೆ ಹತ್ತಿರ ನಿಂತರು. ಮೊದಲು ತಕರಾರು ಯಾಕೆ ಎಂದು ಕೇಳಿದ ಹಿರಿಯರೇ 'ಅರೇ, ಇದು ನಡುಕೇ ಬಂದ್ ಮಾಡ್ತದಲ್ರಿ' ಎಂದರು. ಸಭೆಯಲ್ಲಿ ಒಂದು ತಿಂಗಳು ಆಗದ್ದು ಹತ್ತು ನಿಮಿಷದಲ್ಲಿ ಆಯಿತು. ಎರಡು ಚೀಲ ಸುಣ್ಣದ ಖರ್ಚು.

ಆದರೂ ಕೆಲಸ ಮಾಡಿಸುವ ಇಂಜಿನಿಯರ್ ಒಪ್ಪಲಿಲ್ಲ. ಅವರನ್ನು ನಾನು ಮೊದಮೊದಲು ಹಟಮಾರಿ ಅಂದುಕೊಂಡಿದ್ದೆ. ಒಂದು ದಿನ ಚಹಾಕ್ಕೆ ಕೂರಿಸಿ ಕೇಳಿದಾಗ ಕಾರಣ ಹೇಳಿದರು. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಸುಮ್ನೆ ಪಾಯ ಹಾಕಿದರೆ ಗೋಡೆಯೂ ಬಿರುಕು ಬಿಡುತ್ತದೆ. ಕಪ್ಪು ಮಣ್ಣು ದಾಟಿ ಗಟ್ಟಿ ಪದರ ಸಿಗುವವರೆಗೆ ಅಗೆಯಬೇಕು. ಮೈದಾನದ ನಡುವೆ ಒಂದು ಗುಂಡಿ ತೋಡಿ ನೋಡಿದ್ದರು, ಐದು ಫೂಟಿಗೆ ಪರಸಿ ಬಂಡೆ ಸಿಕ್ಕಿತ್ತು. ಹಾಗಾಗಿ ಕಟ್ಟಡ ಅಲ್ಲಿ. ರಸ್ತೆಯಿಂದ ಚೆನ್ನಾಗಿ ಕಾಣುತ್ತದೆ ಎಂಬ ಆಸೆ ಊರಿನ ಕೆಲವರದ್ದು, ಇಂಜಿನಿಯರ್‌ದಲ್ಲ.

'ಒಂದೇ ಗುಂಡಿ ತೋಡೀರಲ್ರಿ, ಬೇರೆ ಕಡೆ ನೋಡೋಣೇನ್ರಿ?' ಎಂದೆ. ಊರಿನ ಒಬ್ಬರು ಜೆಸಿಬಿ ಕೊಟ್ಟರು, ಡೀಸೆಲ್ ನಾವು ಹಾಕಿಸಿದೆವು. ಮೂರು ಕಡೆ ತೋಡಿದೆವು. ಈಶಾನ್ಯ ಮೂಲೆಯಲ್ಲಿ ಹತ್ತು ಫೂಟ್ ಹೋದರೂ ಕಪ್ಪು ಮಣ್ಣೇ. ಪೂರ್ವದ ಗೋಡೆ ಪಕ್ಕ ಒಂಬತ್ತು. ಪಶ್ಚಿಮದ ಗೋಡೆ ಪಕ್ಕ, ಹಳೆ ಕಟ್ಟಡದ ಉತ್ತರಕ್ಕೆ, ಏಳೂವರೆ ಫೂಟಿಗೆ ಬಂಡೆ. ಎರಡೂವರೆ ಫೂಟ್ ಜಾಸ್ತಿ ಪಾಯ. ಅದರ ಖರ್ಚು ಎಲ್ಲಿಂದ? ನಕ್ಷೆಯಲ್ಲಿ ಮುಂದೆ ಒಂದು ದೊಡ್ಡ ಪೋರ್ಟಿಕೋ, ಎರಡು ದುಂಡು ಕಂಬ ಇದ್ದವು. ಮಕ್ಕಳು ಕಾರಿನಲ್ಲಿ ಬರುವುದಿಲ್ಲ. ಅದನ್ನು ಕೈಬಿಟ್ಟರು. ಪೂರ್ತಿ ಸರಿದೂಗಿತೋ ಇಲ್ಲವೋ, ಕಾಗದದ ಮೇಲೆ ಸರಿದೂಗಿಸಿದರು.

ಪಶ್ಚಿಮ ಅಂದದ್ದಕ್ಕೆ ನನಗೆ ಇನ್ನೊಂದು ಆಸೆ ಇತ್ತು, ನೆರಳು. ನಮ್ಮ ಕಡೆ ಮಾರ್ಚ್ ಬಂದರೆ ಸಂಜೆ ಐದಕ್ಕೂ ನೆಲ ಸುಡುತ್ತದೆ. ಕಟ್ಟಡ ಪಶ್ಚಿಮಕ್ಕಿದ್ದರೆ ಸಂಜೆ ನೆರಳು ಮೈದಾನದ ಮೇಲೆ ಬೀಳುತ್ತದೆ. ಪೂರ್ವಕ್ಕಿದ್ದರೆ ಆ ನೆರಳು ಪಕ್ಕದ ತೊಗರಿ ಹೊಲಕ್ಕೆ. ಎಷ್ಟು ದೂರ ಬೀಳುತ್ತದೆ ಎಂದು ನೋಡಲು ಐದು ಫೂಟಿನ ಕೋಲು ನೆಟ್ಟು ಸಂಜೆ ಐದಕ್ಕೆ ಅಳೆದೆ. ಹನ್ನೆರಡೂವರೆ ಫೂಟ್ ಬಂತು, ಕೋಲಿನ ಎರಡೂವರೆ ಪಟ್ಟು. ಎರಡು ಅಂತಸ್ತು ಸುಮಾರು 25 ಫೂಟ್ ಎತ್ತರ. ಹಾಗಾದರೆ 62 ಫೂಟ್, ಹತ್ತಿರ ಹತ್ತಿರ 19 ಮೀಟರ್ ನೆರಳು. ಖೊಖೊ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ಕಟ್ಟಡದ ಮುಂದೆ ಉದ್ದಕ್ಕೆ ಹಾಕಿದರೆ ಐದು ಗಂಟೆಗೆ ಹೆಚ್ಚುಕಡಿಮೆ ಇಡೀ ಅಂಕಣ ನೆರಳಲ್ಲಿ. ನಮ್ಮ ಹುಡುಗಿಯರು ಬರಿಗಾಲಲ್ಲಿ ಖೊಖೊ ಆಡುವವರು.

ಇದರಲ್ಲಿ ಸೋತವರೂ ಇದ್ದಾರೆ. ಕಟ್ಟಡ ಉತ್ತರ-ದಕ್ಷಿಣ ಉದ್ದವಾದ್ದರಿಂದ ಮಧ್ಯಾಹ್ನದ ಬಿಸಿಲು ಪಶ್ಚಿಮದ ಇಡೀ ಮುಖಕ್ಕೆ ಹೊಡೆಯುತ್ತದೆ. ಅದಕ್ಕೆ ವರಾಂಡವನ್ನು ಪಶ್ಚಿಮಕ್ಕೆ ಹಾಕಿಸಿದೆವು, ಬಿಸಿಲು ಅಲ್ಲೇ ನಿಲ್ಲಲಿ ಅಂತ. ಆಗ ಕೋಣೆಗಳ ಕಿಟಕಿ ಮೈದಾನದ ಕಡೆಗೆ ಬಂದವು. ಚೆಂಡು ಬಡಿಯದಂತೆ ಜಾಳಿಗೆ ಹಾಕಿದೆವು, ಸದ್ದಿಗೆ ಜಾಳಿಗೆ ಇಲ್ಲ. ಗಣಿತದ ಮೇಡಂ ಇವತ್ತಿಗೂ ನನ್ನ ಸೀಟಿ ಕೇಳಿದರೆ ಕಿಟಕಿ ಧಡ್ ಅಂತ ಹಾಕುತ್ತಾರೆ. ಅವರದ್ದೂ ನ್ಯಾಯವೇ. ಈಗ ಕೆಳಗಿನ ಕೋಣೆಗಳಲ್ಲಿ ಪಾಠ ಇರುವ ಹೊತ್ತಿಗೆ ನನ್ನ ಪೀರಿಯಡ್ ಬಂದರೆ ಟ್ರ್ಯಾಕಿನ ಉತ್ತರದ ತುದಿಗೆ ಹೋಗುತ್ತೇನೆ.

ಕೆಲಸ ಶುರುವಾಗುವ ಮುಂಚೆ ಗುತ್ತಿಗೆದಾರನ ಜೊತೆ ಒಂದೇ ವಿಷಯಕ್ಕೆ ಹಟ ಹಿಡಿದೆ. ಜಲ್ಲಿ, ಉಸುಕು, ಕಬ್ಬಿಣ ಎಲ್ಲ ಹಳೆ ಕಟ್ಟಡದ ಪಕ್ಕದಲ್ಲೇ ಇರಬೇಕು, ಟ್ರ್ಯಾಕ್ಟರ್ ಮೈದಾನ ದಾಟಬಾರದು. ಗೂಟ ನೆಟ್ಟು ತಂತಿ ಕಟ್ಟಿಸಿದೆ. ಹಸಿ ಎರಿ ಮಣ್ಣಿನ ಮೇಲೆ ತುಂಬಿದ ಟ್ರಾಲಿ ಒಂದು ಸಲ ಹೋದರೆ ಆ ಗಾಲಿಯ ಹಳ್ಳ ಮುಂದಿನ ಮಳೆಗಾಲದವರೆಗೂ ಹೋಗುವುದಿಲ್ಲ.

ಇಷ್ಟೆಲ್ಲ ಜಾಣತನ ಮಾಡಿದವನು ಸಣ್ಣ ಪ್ರಶ್ನೆಗೆ ಎಡವಿದೆ. ಪಾಯ ತೋಡಿದ ಮಣ್ಣಿನ ಗುಡ್ಡೆ ನಿಂತಿತ್ತು. 'ಈ ಮಣ್ಣ ಎಲ್ಲಿ ಹಾಕಲ್ರಿ ಸರ?' ಎಂದು ಟ್ರ್ಯಾಕ್ಟರ್ ಹುಡುಗ ಕೇಳಿದ. ಟ್ರ್ಯಾಕಿನ ದಕ್ಷಿಣ ತಿರುವು ಸ್ವಲ್ಪ ತಗ್ಗಿತ್ತು. 'ಅಲ್ಲೇ ಹರಡು, ತಗ್ಗು ತುಂಬತದ' ಎಂದುಬಿಟ್ಟೆ. ತಗ್ಗು ತುಂಬಿತು, ನೋಡಲು ಚಂದ ಕಂಡಿತು. ಜೂನ್‌ನಲ್ಲಿ ಮೊದಲ ಮಳೆ ಬಿದ್ದಾಗ ಆ ಜಾಗ ಹಿಟ್ಟು ಕಲಸಿದ ಹಾಗಾಯಿತು. ಒಂದೊಂದು ಕಾಲಿಗೆ ಒಂದೊಂದು ಕಿಲೋ ಮಣ್ಣು ಮೆತ್ತುತ್ತಿತ್ತು. ವಲಯ ಮಟ್ಟದ ಆಟಕ್ಕೆ ತಯಾರಿ ಮಾಡುವ ದಿನಗಳೇ ಅವು. ಬೇಸಿಗೆಯಲ್ಲಿ ಅದೇ ಜಾಗ ಬಿರುಕು ಬಿಟ್ಟು, ಒಬ್ಬ ಹುಡುಗನ ಕಾಲು ಸಿಕ್ಕಿ ಹಿಮ್ಮಡಿ ಉಳುಕಿತು. ಮೂರು ವಾರ ಕುಂಟಿದ. ಅದಕ್ಕೆ ಬೇರೆ ಯಾರನ್ನೂ ಬೈಯುವ ಹಾಗಿಲ್ಲ, ಹರಡು ಎಂದವನು ನಾನೇ.

ಕೊನೆಗೆ ಅದನ್ನೆಲ್ಲ ಕೆರೆಸಿ ತೆಗೆಸಿದೆವು. ಒಬ್ಬ ಪಂಚಾಯಿತಿ ಸದಸ್ಯರು ತಮ್ಮ ಹೊಲಕ್ಕೆ ಒಯ್ದರು, ಹೊಲಕ್ಕೆ ಅದು ಬಂಗಾರ. ಟ್ರ್ಯಾಕಿಗೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಹಾಕಿದೆವು. ಒಂದೇ ಸಲ ಆರು ಇಂಚು ಸುರಿದರೆ ಮೇಲೆ ಮಾತ್ರ ಗಟ್ಟಿಯಾಗುತ್ತದೆ. ಮೂರು ಇಂಚು ಹಾಕಿ, ನೀರು ಹೊಡೆದು, ರೋಲರ್ ಓಡಿಸಿ, ಆಮೇಲೆ ಇನ್ನೊಂದು ಮೂರು ಇಂಚು. ಒಳಗಡೆಗೆ ತುಸು ಇಳಿಜಾರು, ನೂರು ಸೆಂಟಿಮೀಟರಿಗೆ ಒಂದು. ಅದಕ್ಕಿಂತ ಜಾಸ್ತಿ ಕೊಟ್ಟರೆ ಓಡುವವರಿಗೆ ವಾಲಿದಂತಾಗುತ್ತದೆ.

ನೀರಿನದ್ದು ಇನ್ನೊಂದು ಪಾಠ, ಇದನ್ನು ಹೇಳಿಕೊಟ್ಟದ್ದು ಮೇಸ್ತ್ರಿ. 270 ಚದರ ಮೀಟರ್ ಚಾವಣಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 13,500 ಲೀಟರ್ ನೀರು. ನಕ್ಷೆಯಲ್ಲಿ ಎಲ್ಲ ಪೈಪೂ ಮೈದಾನದ ಕಡೆಗೇ ಇಳಿದಿದ್ದವು. ಅಷ್ಟು ನೀರು ಪಾಯದ ಬುಡದಲ್ಲಿ ನಿಂತರೆ ಎರಿ ಮಣ್ಣು ಹಿಗ್ಗಿ ಕಟ್ಟಡಕ್ಕೂ ಕೆಟ್ಟದ್ದು, ಖೊಖೊ ಅಂಕಣಕ್ಕೂ ಕೆಟ್ಟದ್ದು. ಪೈಪುಗಳನ್ನು ಪಶ್ಚಿಮಕ್ಕೆ ತಿರುಗಿಸಿ, ಶಹಾಬಾದ್ ಕಲ್ಲಿನ ಚರಂಡಿ ಮಾಡಿ, ಕಾಂಪೌಂಡಿನ ಬೇವಿನ ಗಿಡಗಳಿಗೆ ಬಿಟ್ಟೆವು. ಕಟ್ಟಡದ ಸುತ್ತ ಒಂದು ಮೀಟರ್ ಪರಸಿ ಹಾಸಿದೆವು. ಮಕ್ಕಳು ಅದರ ಮೇಲೆ ಕೂತು ಬೂಟು ಕಟ್ಟಿಕೊಳ್ಳುತ್ತಾರೆ.

ಈಗ ನಮ್ಮಲ್ಲಿ ಏನಿದೆ ಅಂದರೆ: ಪೂರ್ವದ ಗೋಡೆ ಪಕ್ಕ ಟ್ರ್ಯಾಕಿನ ನೇರ ಭಾಗವನ್ನೇ ಎರಡೂ ಕಡೆ ಎಳೆದು 100 ಮೀಟರ್ ಓಟ. 132 ಮೀಟರ್ ಇರುವುದರಿಂದ ಗುರಿ ದಾಟಿದ ಮೇಲೂ ನಿಲ್ಲಲು 17 ಮೀಟರ್ ಸಿಗುತ್ತದೆ. ಪಶ್ಚಿಮದ ಪಟ್ಟಿಯಲ್ಲಿ ಒಂದರ ಹಿಂದೆ ಒಂದು ಕಬಡ್ಡಿ, ಖೊಖೊ, ವಾಲಿಬಾಲ್. ವಾಲಿಬಾಲ್‌ಗೆ 18 × 9 ಬರೆದು ಸುತ್ತ ಮೂರು ಮೀಟರ್ ಖಾಲಿ ಬಿಟ್ಟಿದ್ದೇವೆ. ಕಬಡ್ಡಿಗೆ ಹುಡುಗರ 13 × 10ರ ಒಳಗೇ ಹುಡುಗಿಯರ 12 × 8 ಬೇರೆ ಬಣ್ಣದಲ್ಲಿ. ಗುಂಡು ಎಸೆತ ಟ್ರ್ಯಾಕಿನ ಒಳಗೆ, ಉತ್ತರಕ್ಕೆ ಮುಖ ಮಾಡಿ. ಡಿಸ್ಕಸ್ ಮಾತ್ರ ಬೇರೆ ಯಾರೂ ಮೈದಾನದಲ್ಲಿ ಇಲ್ಲದಾಗ. ಉದ್ದ ಜಿಗಿತಕ್ಕೆ ಓಡಿಬರುವ ದಾರಿ 40 ಮೀಟರ್ ಇರಬೇಕು. ನಮಗೆ 32 ಸಿಕ್ಕಿದೆ, ಹೈಸ್ಕೂಲ್ ಮಕ್ಕಳಿಗೆ ನಡೆಯುತ್ತದೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಧ್ವಜ ಏರಿಸುವಾಗ ಇಡೀ ಶಾಲೆ ಒಂದೇ ಕಡೆ ನಿಲ್ಲುತ್ತದೆ, ನಡುವೆ ಗೋಡೆ ಇಲ್ಲ.

ಮೊನ್ನೆ ಶೌಚಾಲಯಕ್ಕೆ ದುಡ್ಡು ಬಂತು. ಗುರುತು ಹಾಕಲು ಬಂದವರು 100 ಮೀಟರ್ ಗುರಿಯ ಗೆರೆಯಿಂದ ಆರು ಹೆಜ್ಜೆ ದೂರಕ್ಕೆ ಗೂಟ ಹೊಡೆದು ಹೋಗಿದ್ದರು. ಕ್ರೀಡಾ ಕೋಣೆಯಲ್ಲಿ ಇನ್ನೂ ಅರ್ಧ ಚೀಲ ಸುಣ್ಣ ಉಳಿದಿತ್ತು. ಹುಡುಗರು ನಾನು ಹೇಳುವ ಮೊದಲೇ ಟೇಪು ತೆಗೆದುಕೊಂಡು ಹೊರಟರು.