ಹದಿಹರೆಯದವರ ಡಿಸ್ಟೋಪಿಯಾ ಚಿತ್ರವನ್ನು ತೂಗಿ ನೋಡುವ ಬಗೆ

ಮೂಡಿಗೆರೆಯಲ್ಲಿ ನಾನು ಪಾಠ ಮಾಡುವ ಪಿಯುಸಿ ಮಕ್ಕಳಿಗೆ ಸಿನಿಮಾ ವಿಮರ್ಶೆ ಬರೆಯಲು ಹೇಳಿದರೆ ಕೂಡಲೇ ಹಾಳೆಯ ನಡುವೆ ಗೆರೆ ಎಳೆಯುತ್ತಾರೆ. ಎಡಕ್ಕೆ ಗುಣ, ಬಲಕ್ಕೆ ದೋಷ. ನಟನೆ ಚೆನ್ನಾಗಿದೆ, ಉದ್ದ ಜಾಸ್ತಿ. ಇದನ್ನು ಯಾವ ಚಿತ್ರಕ್ಕೆ ಬೇಕಾದರೂ ಅಂಟಿಸಬಹುದು. ದಯವಿಟ್ಟು ಆ ಗೆರೆ ಎಳೆಯಬೇಡಿ. ಅದರ ಬದಲು ನಿರ್ದೇಶಕ ಕೈಗೊಂಡ ಒಂದು ತೀರ್ಮಾನವನ್ನು ಹಿಡಿದು, ಅದರಿಂದ ಬಂದದ್ದೇನು, ಹೋದದ್ದೇನು ಎಂದು ಎರಡು ದೃಶ್ಯಗಳಲ್ಲಿ ಹುಡುಕಿ.

2012ರ ‘ದಿ ಹಂಗರ್ ಗೇಮ್ಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದೊಂದು ಡಿಸ್ಟೋಪಿಯಾ, ಅಂದರೆ ಭವಿಷ್ಯದ ಕರಾಳ ಸಮಾಜವನ್ನು ಊಹಿಸುವ ಚಿತ್ರ. ಸುಜಾನ್ ಕಾಲಿನ್ಸ್ ಅವರ 2008ರ ಕಾದಂಬರಿಯನ್ನು ಗ್ಯಾರಿ ರಾಸ್ ತೆರೆಗೆ ತಂದರು. ಹನ್ನೆರಡು ಜಿಲ್ಲೆಗಳಿಂದ ಚೀಟಿ ಎತ್ತಿ 24 ಮಕ್ಕಳನ್ನು ಒಯ್ದು, ಒಬ್ಬರು ಉಳಿಯುವವರೆಗೆ ಕಾದಾಡಿಸಿ, ಅದನ್ನು ದೇಶಕ್ಕೆಲ್ಲ ಟಿವಿಯಲ್ಲಿ ತೋರಿಸುವ ಸರ್ಕಾರದ ಕಥೆ.

ಮೊದಲ ಸಲ ಪೆನ್ನು ಮುಟ್ಟದೆ ನೋಡಿ. ಎರಡನೆಯ ಸಲ ಚೀಟಿ ಎತ್ತುವ ದೃಶ್ಯದಲ್ಲಿ ನಿಲ್ಲಿಸಿ. ನಿರ್ದೇಶಕರ ಮೊದಲ ತೀರ್ಮಾನ ಇಲ್ಲಿದೆ: ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಚಿತ್ರಿಸಿದ್ದಾರೆ, ಚಿತ್ರ ಅಲುಗುತ್ತದೆ. ಮಕ್ಕಳ ಬೆರಳು ಚುಚ್ಚಿ ರಕ್ತದ ಗುರುತು ಪಡೆಯುತ್ತಾರೆ. ಕಥಾನಾಯಕಿ ಕ್ಯಾಟ್ನಿಸ್‌ಳ ಪುಟ್ಟ ತಂಗಿ ಪ್ರಿಮ್ ತನ್ನ ಹೆಸರು ಕೇಳಿ ವೇದಿಕೆಯತ್ತ ಹೊರಟವಳು, ಹಿಂದೆ ಜಾರಿದ ಅಂಗಿಯ ಅಂಚನ್ನು ಒಳಗೆ ಸೇರಿಸಿಕೊಳ್ಳುತ್ತಾಳೆ. ಸಾವಿಗೆ ಹೊರಟ ಮಗುವಿಗೆ ಅಕ್ಕ ಹೇಳಿದ ಶಿಸ್ತು ನೆನಪಾಗುತ್ತದೆ! ಇಲ್ಲಿ ಅಲುಗುವ ಕ್ಯಾಮೆರಾ ಗುಂಪಿನೊಳಗೆ ನಿಂತ ಮನುಷ್ಯನ ಕಣ್ಣಾಗಿದೆ.

ತಂಗಿಯ ಬದಲು ಕ್ಯಾಟ್ನಿಸ್ ತಾನೇ ಹೋಗುತ್ತಾಳೆ. ಈಗ ಕಾಳಗ ಶುರುವಾಗುವ ದೃಶ್ಯಕ್ಕೆ ಬನ್ನಿ. ಅದೇ ಕ್ಯಾಮೆರಾ ಇನ್ನಷ್ಟು ಕುಣಿಯುತ್ತದೆ. ಯಾರು ಯಾರನ್ನು ಕೊಂದರು ಎಂಬುದು ತಿಳಿಯುವುದೇ ಇಲ್ಲ. ಚಿಕ್ಕ ವಯಸ್ಸಿನವರೂ ನೋಡಬಹುದೆಂಬ ಪ್ರಮಾಣಪತ್ರ ಚಿತ್ರಕ್ಕೆ ಸಿಗಬೇಕಲ್ಲ. ಬ್ರಿಟನ್ನಿನಲ್ಲಿ ರಕ್ತ ಕಾಣುವ ಏಳು ಸೆಕೆಂಡುಗಳನ್ನು ಬೇರೆಯಾಗಿ ತೆಗೆಸಿದರು. ಮಕ್ಕಳ ಸಾವನ್ನು ಮನರಂಜನೆ ಮಾಡುವವರನ್ನು ದೂರುವ ಚಿತ್ರ, ಆ ಸಾವನ್ನು ನಾವು ನೆಟ್ಟ ನೋಟದಿಂದ ನೋಡದಂತೆ ಮಾಡಿದ್ದು ಸಂಕೋಚದಿಂದಲೋ ವ್ಯಾಪಾರಕ್ಕೋ? ನನಗೆ ವ್ಯಾಪಾರವೇ ಹೆಚ್ಚು ಎನಿಸುತ್ತದೆ. ನಿಮಗೆ ಹಾಗನಿಸದಿದ್ದರೆ ದೃಶ್ಯ ತೋರಿಸಿ ವಾದಿಸಿ.

ಎರಡನೆಯ ತೀರ್ಮಾನ: ಕಾದಂಬರಿಯಲ್ಲಿ ಎಲ್ಲವನ್ನೂ ಕ್ಯಾಟ್ನಿಸ್ ಹೇಳುತ್ತಾಳೆ, ಚಿತ್ರ ಅವಳ ಕಣ್ಣಿನಾಚೆಗೂ ಹೋಗುತ್ತದೆ. ಇದರಿಂದ ಆಟ ನಡೆಸುವವರ ನಿಯಂತ್ರಣ ಕೊಠಡಿ ಕಾಣುತ್ತದೆ. ಗುಂಡಿ ಒತ್ತಿ ಕಾಡಿಗೆ ಬೆಂಕಿ ಹಚ್ಚುವವರ ನಿರ್ಲಿಪ್ತ ಮುಖಗಳು ಕಾಣುತ್ತವೆ. ಅದು ಲಾಭ. ನಷ್ಟವಾದದ್ದು ಪ್ರೇಮಪ್ರಸಂಗದಲ್ಲಿ. ಅವಳ ಜಿಲ್ಲೆಯಿಂದಲೇ ಆಟಕ್ಕೆ ಬಂದ ಹುಡುಗ ಪೀಟಾನೊಂದಿಗಿನ ಅವಳ ಒಲವಿನಲ್ಲಿ ಎಷ್ಟು ನಾಟಕ, ಎಷ್ಟು ನಿಜ ಎಂಬ ಲೆಕ್ಕಾಚಾರ ಪುಸ್ತಕದಲ್ಲಿ ಅವಳ ತಲೆಯೊಳಗೇ ನಡೆಯುತ್ತದೆ. ತೆರೆಯಲ್ಲಿ ಕ್ಯಾಟ್ನಿಸ್ ಆಗಿರುವ ಜೆನಿಫರ್ ಲಾರೆನ್ಸ್ ಅವರ ಮುಖ ಎಷ್ಟು ಹೇಳಿದರೂ ಇಬ್ಬರೂ ಅಡಗಿರುವ ಗುಹೆಯ ದೃಶ್ಯಗಳು ಸಪ್ಪೆ.

ಇನ್ನು ಬದುಕುಳಿಯುವ ಭಾಗ. ಇದಕ್ಕೆ ಮಲೆನಾಡಿನವರಿಗಿಂತ ಒಳ್ಳೆಯ ಪರೀಕ್ಷಕರು ಬೇಕೆ? ನೀರು, ಬೆಂಕಿ, ನಿದ್ದೆ, ಹೊಟ್ಟೆ: ನಾಲ್ಕನ್ನೂ ಕೇಳಿ. ರಾತ್ರಿ ಬೆಂಕಿ ಹಾಕಿದ ಹುಡುಗಿ ಸಿಕ್ಕಿಬೀಳುತ್ತಾಳೆ, ಸರಿ. ಕ್ಯಾಟ್ನಿಸ್ ಮರದ ಮೇಲೆ ಬೆಲ್ಟಿನಿಂದ ಕಟ್ಟಿಕೊಂಡು ಮಲಗುತ್ತಾಳೆ, ಸರಿ. ಅವಳು ಕಣಜದಂಥ ವಿಷಹುಳುಗಳ ಗೂಡನ್ನು ಕೊಯ್ದು ಬೀಳಿಸಿದಾಗ ಕೆಳಗಿದ್ದವರು ಕೆರೆಯತ್ತ ಓಡುತ್ತಾರೆ. ತೋಟದ ಸಿಲ್ವರ್ ಓಕ್ ಮರದಿಂದ ಹೆಜ್ಜೇನು ಎದ್ದದ್ದನ್ನು ಕಂಡ ಯಾರಿಗೂ ಆ ಓಟದ ಬಗ್ಗೆ ತಕರಾರು ಇರದು. ಆದರೆ ಹೊಟ್ಟೆ? ಹೆಸರಿನಲ್ಲೇ ಹಸಿವಿದೆ, ಮೈಮೇಲೆ ಎಲ್ಲೂ ಇಲ್ಲ. ಗಣಿ ಊರಿನ ಗೇಲ್, ಕ್ಯಾಟ್ನಿಸ್‌ಳ ಗೆಳೆಯ, ಗರಡಿಯಿಂದ ಬಂದವನಂತಿದ್ದಾನೆ. ಹೆಚ್ಚು ಕಾಳಿಗಾಗಿ ಬಡಮಕ್ಕಳು ಚೀಟಿಯಲ್ಲಿ ಹೆಚ್ಚು ಸಲ ಹೆಸರು ಬರೆಸುತ್ತಾರೆ ಎಂಬ ಘೋರ ನಿಯಮ ಒಂದೆರಡು ಮಾತಿನಲ್ಲಿ ಮುಗಿದುಹೋಗುತ್ತದೆ. ನನ್ನ ಮಟ್ಟಿಗೆ ಚಿತ್ರದ ದೊಡ್ಡ ದೋಷ ಇದೇ, ಕ್ಯಾಮೆರಾದ ಕುಣಿತವಲ್ಲ.

ಬರೆಯುವಾಗ ಕಥೆಗೆ ನಾಲ್ಕು ಸಾಲು ಸಾಕು. ನಿಮಗೆ ಅತಿ ಹೆಚ್ಚು ಕೋಪ ತರಿಸಿದ ದೃಶ್ಯದಿಂದ ಆರಂಭಿಸಿ, ಅದನ್ನು ಓದುಗನಿಗೆ ಕಾಣುವಂತೆ ವಿವರಿಸಿ, ಆಮೇಲೆ ತೀರ್ಪು ಕೊಡಿ. ನಕ್ಷತ್ರ ಎಣಿಸುವ ಕೆಲಸವನ್ನು ಬೇರೆಯವರಿಗೆ ಬಿಡಿ.